ಅಂಗೈ ಗಾತ್ರದ ರೆಟ್ರೋ ಗೇಮ್ ಕನ್ಸೋಲ್: ಮೊದಲ ಯೋಜನೆಯ ಆಯ್ಕೆ

ಹಳೆಯ ಆಟಗಳನ್ನು ಆಡಿಸಬಲ್ಲ ಪುಟ್ಟ ಯಂತ್ರವೊಂದನ್ನು ಸ್ವತಃ ಕಟ್ಟಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಬೋರ್ಡ್ ಹೆಚ್ಚು ವೇಗದ್ದು ಎಂದು. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಯಾವ ಕಾಲದ ಆಟಗಳು ಬೇಕು ಎಂಬ ಪ್ರಶ್ನೆ. ಗುಂಡಿಗಳ ಸಂಖ್ಯೆ, ಪರದೆ, ಪ್ರೊಸೆಸರ್, ಬ್ಯಾಟರಿ ಎಲ್ಲವೂ ಆ ಒಂದು ಉತ್ತರವನ್ನೇ ಅವಲಂಬಿಸಿವೆ.

1990ರ ದಶಕದಲ್ಲಿ ನಮ್ಮ ಮನೆಗಳಲ್ಲಿ ಟಿವಿಗೆ ಜೋಡಿಸಿ, ಕ್ಯಾಸೆಟ್ ತುರುಕಿ ಆಡುತ್ತಿದ್ದ ‘ವಿಡಿಯೋ ಗೇಮ್’ಗಳಲ್ಲಿ ಅನೇಕವು ನಿಂಟೆಂಡೊ ಸಂಸ್ಥೆ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್‌ನ ನಕಲುಗಳು. ನಿಮಗೆ ಬೇಕಾದದ್ದು ಮಾರಿಯೋ, ಕಾಂಟ್ರಾ ಮುಂತಾದ ಆ ಕಾಲದ ಆಟಗಳೇ ಆಗಿದ್ದರೆ ಕೆಲಸ ಬಹಳ ಹಗುರವಾಗುತ್ತದೆ. ನಾಲ್ಕು ದಿಕ್ಕಿನ ಗುಂಡಿಗಳು, ಎ, ಬಿ, ಸ್ಟಾರ್ಟ್, ಸೆಲೆಕ್ಟ್ ಸೇರಿ ಎಂಟು ಸ್ವಿಚ್‌ಗಳು ಸಾಕು; ಚಿತ್ರದ ಅಳತೆ 256×240 ಪಿಕ್ಸೆಲ್ ಮಾತ್ರವಾದ್ದರಿಂದ 320×240ರ ಅಗ್ಗದ ಪರದೆಯಲ್ಲಿ ಅದು ಹಿಗ್ಗಿಸದೆ, ಕುಗ್ಗಿಸದೆ ಕೂರುತ್ತದೆ. ಅದೇ ಸಂಸ್ಥೆಯ ನಂತರದ ಕನ್ಸೋಲ್ ಆದ ನಿಂಟೆಂಡೊ 64ರ ಆಟಗಳೇ ಬೇಕೆಂದರೆ ಅನಲಾಗ್ ಸ್ಟಿಕ್, ಇನ್ನಷ್ಟು ಗುಂಡಿಗಳು, ಶಕ್ತಿಶಾಲಿ ಪ್ರೊಸೆಸರ್, ಅದರ ಬಿಸಿ ಹೊರಹೋಗಲು ದಾರಿ, ದೊಡ್ಡ ಬ್ಯಾಟರಿ ಎಲ್ಲವೂ ಬೇಕಾಗುತ್ತವೆ. ಅದು ಎರಡನೆಯ ಅಥವಾ ಮೂರನೆಯ ಯೋಜನೆಗೆ ಇರಲಿ.

ಹಳೆಯ ಕನ್ಸೋಲಿನ ಬೋರ್ಡನ್ನೇ ಗರಗಸದಿಂದ ಕತ್ತರಿಸಿ ಚಿಕ್ಕ ಪೆಟ್ಟಿಗೆಯಲ್ಲಿ ಅಡಗಿಸುವ ವಿಡಿಯೋಗಳು ಆಕರ್ಷಕವಾಗಿವೆ, ನಿಜ. ಆದರೆ ಹಲವು ಪದರಗಳ ಬೋರ್ಡನ್ನು ತಪ್ಪಾದ ಕಡೆ ಕತ್ತರಿಸಿದರೆ ಅದನ್ನು ಸರಿಪಡಿಸಲು ಸಾಧ್ಯವಿಲ್ಲವೆನ್ನುವಷ್ಟು ಕಷ್ಟ. ಹೊಸಬರಿಗೆ ಅದನ್ನು ನಾನು ಸೂಚಿಸಲಾರೆ. ನಿಂಟೆಂಡೊದ ಅಂಗೈ ಕನ್ಸೋಲ್ ಆದ ಗೇಮ್ ಬಾಯ್‌ನ ಕೆಟ್ಟಿರುವ ಹಳೆಯ ಪ್ರತಿ ಕೈಗೆ ಸಿಕ್ಕರೆ ಅದನ್ನು ದುರಸ್ತಿ ಮಾಡುವುದು ಮಾತ್ರ ಒಳ್ಳೆಯ ಅಭ್ಯಾಸ. 1989ರ ಮೊದಲ ಮಾದರಿಯ ಪರದೆಯಲ್ಲಿ ಲಂಬ ಗೆರೆಗಳು ಕಾಣೆಯಾಗುವುದು ಸಾಮಾನ್ಯ ದೋಷ. ಪರದೆಯ ಕೆಳಗಿನ ರಿಬ್ಬನ್ ಅಂಟಿರುವ ಜಾಗದಲ್ಲಿ ಸಾಲ್ಡರಿಂಗ್ ಕಬ್ಬಿಣವನ್ನು ಮೆಲ್ಲಗೆ ಸವರಿದರೆ ಅವು ಎಷ್ಟೋ ಬಾರಿ ಮರಳಿ ಬರುತ್ತವೆ.

ಹೊಸದಾಗಿ ಕಟ್ಟುವವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬುದು ಲಿನಕ್ಸ್ ನಡೆಸುವ ಪುಟ್ಟ ಕಂಪ್ಯೂಟರ್. ರೆಟ್ರೋಪೈಯಂತಹ ಸಿದ್ಧ ತಂತ್ರಾಂಶವನ್ನು ಮೆಮೊರಿ ಕಾರ್ಡಿಗೆ ಬರೆದರೆ ಹಲವು ಕನ್ಸೋಲ್‌ಗಳ ಎಮ್ಯುಲೇಟರ್‌ಗಳು (ಹಳೆಯ ಯಂತ್ರವನ್ನು ಅನುಕರಿಸಿ ಅದರ ಆಟಗಳನ್ನು ನಡೆಸುವ ತಂತ್ರಾಂಶಗಳು) ಒಟ್ಟಿಗೇ ಸಿಗುತ್ತವೆ. ಪ್ರೋಗ್ರಾಮಿಂಗ್ ಬೇಡವೆನ್ನುವವರಿಗೆ ಇದೇ ಸರಿ. ಆದರೆ ಅದು ಬೂಟ್ ಆಗುವವರೆಗೆ ಕಾಯಬೇಕು, ಮತ್ತು ಕ್ರಮವಾಗಿ ಶಟ್‌ಡೌನ್ ಮಾಡದೆ ವಿದ್ಯುತ್ ಕಡಿದರೆ ಕಾರ್ಡಿನಲ್ಲಿರುವ ಫೈಲ್‌ಗಳು ಕೆಡಬಹುದು. ಎರಡನೆಯದು ಇಎಸ್‌ಪಿ32 ಮೈಕ್ರೋಕಂಟ್ರೋಲರ್, ಅಂದರೆ ತನ್ನಲ್ಲಿ ಬರೆದಿಟ್ಟ ಪ್ರೋಗ್ರಾಮನ್ನು ನೇರವಾಗಿ ನಡೆಸುವ ಪುಟ್ಟ ಚಿಪ್. ಇದರಲ್ಲಿ ಆ ತಾಪತ್ರಯವಿಲ್ಲ. ಸ್ವಿಚ್ ಒತ್ತಿದ ಕ್ಷಣಾರ್ಧದಲ್ಲಿ ಅದು ಕೆಲಸ ಆರಂಭಿಸುತ್ತದೆ. ಫ್ಯಾಮಿಕಾಮ್ ಮತ್ತು ಗೇಮ್ ಬಾಯ್ ಆಟಗಳಿಗೆ ಅದರ 240 ಮೆಗಾಹರ್ಟ್ಸ್ ವೇಗ ಸಾಕು. 2018ರಲ್ಲಿ ಇದೇ ಚಿಪ್ ಬಳಸಿ ಬಂದ ಓಡ್ರಾಯ್ಡ್-ಗೋ ಎಂಬ ಅಂಗೈ ಕನ್ಸೋಲ್ ಕಿಟ್ ಇದನ್ನು ತೋರಿಸಿಕೊಟ್ಟಿತು. ಯಾವ ಗುಂಡಿ ಚಿಪ್‌ನ ಯಾವ ಪಿನ್‌ಗೆ ಸೇರಿದೆ ಎಂಬ ಪಿನ್ ನಂಬರ್‌ಗಳನ್ನು ಕೋಡ್‌ನಲ್ಲಿ ಬದಲಿಸುವಷ್ಟು ಧೈರ್ಯವಿದ್ದರೆ ನನ್ನ ಮತ ಇದಕ್ಕೇ.

ಪರದೆಯ ಆಯ್ಕೆಯಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು. ಇಂಥ ಅಗ್ಗದ ಪರದೆಗಳನ್ನು ನಡೆಸುವ ಐಎಲ್‌ಐ9341 ಎಂಬ ಚಿಪ್ ಇರುವ ಪರದೆಗೆ 256×240ರ ಒಂದು ಚಿತ್ರವನ್ನು, ಪಿಕ್ಸೆಲ್‌ಗೆ 16 ಬಿಟ್‌ನಂತೆ ಕಳಿಸಲು 9,83,040 ಬಿಟ್ ಬೇಕು. ಬೋರ್ಡಿನಿಂದ ಪರದೆಗೆ ಒಂದೊಂದೇ ಬಿಟ್ ಸಾಗಿಸುವ ಎಸ್‌ಪಿಐ ತಂತಿಗಳು 40 ಮೆಗಾಹರ್ಟ್ಸ್‌ನಲ್ಲಿ ನಡೆದರೆ ಸೆಕೆಂಡಿಗೆ ಸುಮಾರು 40 ಚಿತ್ರಗಳು ಮಾತ್ರ ದಾಟುತ್ತವೆ. ಮೂಲ ಯಂತ್ರದ್ದಾದರೋ ಸುಮಾರು 60. ಹೀಗಾಗಿ ಎಮ್ಯುಲೇಟರ್ ಒಂದು ಬಿಟ್ಟು ಒಂದು ಚಿತ್ರವನ್ನೋ, ಬದಲಾದ ಸಾಲುಗಳನ್ನಷ್ಟೋ ಕಳಿಸಬೇಕಾಗುತ್ತದೆ. ಅಂಥ ವ್ಯವಸ್ಥೆ ಈಗಾಗಲೇ ಇರುವ ತಂತ್ರಾಂಶವನ್ನೇ ಹುಡುಕಿ, ಅದರಲ್ಲಿ ಹೆಸರಿಸಿರುವ ಪರದೆಯನ್ನೇ ಕೊಳ್ಳಿರಿ. ನೋಡಲು ಒಂದೇ ಥರ ಇರುವ ಮಾಡ್ಯೂಲ್‌ಗಳಲ್ಲಿ ಒಳಗಿನ ಚಿಪ್ ಬೇರೆಯಾಗಿರುವುದುಂಟು.

ಹೆಚ್ಚು ಎಚ್ಚರ ಬೇಕಾದದ್ದು ಬ್ಯಾಟರಿಯ ವಿಷಯದಲ್ಲಿ. ಎಲ್ಲ ಕಡೆ ಸಿಗುವ ಟಿಪಿ4056 ಚಾರ್ಜಿಂಗ್ ಮಾಡ್ಯೂಲ್ ಸಾಮಾನ್ಯವಾಗಿ 1 ಆಂಪಿಯರ್‌ಗೆ ಹೊಂದಿಸಿಯೇ ಬರುತ್ತದೆ. 500 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ) ಇರುವ ಪುಟ್ಟ ಲಿಥಿಯಂ ಪಾಲಿಮರ್ ಸೆಲ್‌ಗೆ ಅದು ವಿಪರೀತ. ಮಾಡ್ಯೂಲಿನ ಮೇಲಿರುವ 1.2 ಕಿಲೋಓಮ್ ರೆಸಿಸ್ಟರ್ ಬದಲಿಸಿ ಕರೆಂಟನ್ನು ತಗ್ಗಿಸಬಹುದು, ಇಲ್ಲವೇ 2000 ಎಂಎಎಚ್ ಅಥವಾ ಅದಕ್ಕಿಂತ ದೊಡ್ಡ ಸೆಲ್ ಆರಿಸಬಹುದು. ಮೆತ್ತನೆಯ ಹೊದಿಕೆಯ ಪಾಲಿಮರ್ ಸೆಲ್ ಸ್ಕ್ರೂ ತುದಿ ತಗುಲಿದರೂ ಅಪಾಯಕಾರಿಯಾದ್ದರಿಂದ, ಮೊದಲ ಯಂತ್ರ ತುಸು ದಪ್ಪವಾದರೂ ಸರಿ, ಹೋಲ್ಡರ್‌ನಲ್ಲಿ ಕೂರುವ, ರಕ್ಷಣಾ ಸರ್ಕ್ಯೂಟ್ ಇರುವ, 18650 ಎಂಬ ಕೊಳವೆಯಾಕಾರದ ಲಿಥಿಯಂ ಸೆಲ್ ಮೇಲು.

ಆಟಗಳ ಫೈಲ್‌ಗಳಿಗೂ ಕೃತಿಸ್ವಾಮ್ಯವಿದೆ. ಪರೀಕ್ಷೆಗೆ, ಹವ್ಯಾಸಿಗಳು ಇಂದಿಗೂ ಬರೆದು ಉಚಿತವಾಗಿ ಹಂಚುವ ಹೊಸ ಆಟಗಳು ಧಾರಾಳವಾಗಿ ಸಾಲುತ್ತವೆ.

ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಡಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಮೊದಲು ಬೋರ್ಡ್, ಪರದೆ, ಬ್ರೆಡ್‌ಬೋರ್ಡ್ (ಸಾಲ್ಡರ್ ಇಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆ) ಮತ್ತು ಎಂಟು ಪುಶ್ ಬಟನ್‌ಗಳನ್ನು ಮಾತ್ರ ತನ್ನಿರಿ. ಯುಎಸ್‌ಬಿ ವಿದ್ಯುತ್ತಿನಲ್ಲಿ, ಮೇಜಿನ ಮೇಲೆಯೇ, ಒಂದು ಆಟ ಅರ್ಧ ಗಂಟೆ ತಡೆಯಿಲ್ಲದೆ ನಡೆದ ನಂತರ ಸ್ಪೀಕರ್ ಮತ್ತು ಬ್ಯಾಟರಿ ಸೇರಿಸಿರಿ. ಹೊರಕವಚದ ಅಳತೆಯನ್ನು, ತಂತಿಗಳು ಮಡಚಿಕೊಳ್ಳಲು ಬೇಕಾದ ಜಾಗವೂ ಆಗ ತಿಳಿಯುವುದರಿಂದ, ಕಟ್ಟಕಡೆಗೆ ತೆಗೆದುಕೊಳ್ಳಿರಿ.