ಅಗೆಯದೆ ಪ್ರಾಕಾರದ ಗೋಡೆ ಹುಡುಕುವುದು: ನನ್ನ ಅನುಭವ

ಹಂಪಿಯಂಥ ಕಡೆ ಹಾಳುಬಿದ್ದ ದೇಗುಲದ ಸುತ್ತ ಹೂತುಹೋದ ಪ್ರಾಕಾರ ಹುಡುಕುವಾಗ, ಗೂಟ ಹೊಡೆಯುವ ಮೊದಲು ನಾನು ನೋಡುವುದು ದಿಕ್ಕನ್ನು. ಇಂಗ್ಲೆಂಡಿನಲ್ಲಿ ಭೂಮಿಯ ಕಾಂತಕ್ಷೇತ್ರ 65 ಡಿಗ್ರಿಗೂ ಹೆಚ್ಚು ಕಡಿದಾಗಿ ನೆಲಕ್ಕಿಳಿಯುತ್ತದೆ. ಇಲ್ಲಿ ಸುಮಾರು 20 ಡಿಗ್ರಿ, ಬಹುಪಾಲು ಮಲಗಿದಂತೆಯೇ. ಅಲ್ಲಿನ ಪುಸ್ತಕದ ಚಿತ್ರ ಮನಸ್ಸಲ್ಲಿಟ್ಟುಕೊಂಡು ಇಲ್ಲಿನ ಗ್ರೇಡಿಯೋಮೀಟರ್ (ನೆಲದಡಿ ಹೂತಿರುವುದರಿಂದ ಕಾಂತಕ್ಷೇತ್ರದಲ್ಲಾಗುವ ಸಣ್ಣ ಏರುಪೇರು ಅಳೆಯುವ ಉಪಕರಣ) ನಕ್ಷೆ ಓದಿದರೆ ಎಡವುತ್ತೇವೆ. ಮಣ್ಣು ತುಂಬಿದ ಹಳೇ ಗುಂಡಿ ಇಲ್ಲಿ ಒಂಟಿ ಕಲೆಯಾಗಿ ಬರುವುದಿಲ್ಲ. ದಕ್ಷಿಣಕ್ಕೆ ಧನ, ಉತ್ತರಕ್ಕೆ ಋಣ, ಹೀಗೆ ಜೋಡಿಯಾಗಿ ಬರುತ್ತದೆ. ಗುಂಡಿ ಇರುವುದು ಎರಡರ ನಡುವೆ. ಉತ್ತರ-ದಕ್ಷಿಣವಾಗಿ ಸಾಗುವ ಗೋಡೆಯಂತೂ ತೀರಾ ಮಸುಕು, ಕೆಲವೊಮ್ಮೆ ತುದಿಗಳಷ್ಟೇ ಕಾಣುತ್ತವೆ. ಪೂರ್ವಕ್ಕೆ ಮುಖಮಾಡಿದ ದೇಗುಲದಲ್ಲಿ ಹಿಂದಿನ, ಮುಂದಿನ ಗೋಡೆಗಳು ಹೀಗೆ ಕೈತಪ್ಪುತ್ತವೆ.

ಉಳಿದೆರಡು ಗೋಡೆಗಳನ್ನು ನಾವೇ ಅಳಿಸಿಬಿಡುವುದೂ ಉಂಟು. ಉಪಕರಣ ಹಿಡಿದು ನಡೆದ ಸಾಲುಗಳ ನಡುವಿನ ಏರುಪೇರಿನಿಂದ ನಕ್ಷೆಯಲ್ಲಿ ಮೂಡುವ ಪಟ್ಟೆ ತೆಗೆಯಲು ಸಾಫ್ಟ್‌ವೇರ್ ಪ್ರತಿ ಸಾಲಿನ ಸರಾಸರಿಯನ್ನು ಸೊನ್ನೆಗೆ ತರುತ್ತದೆ. ನಡೆದ ದಿಕ್ಕಿಗೇ ಗೋಡೆಯಿದ್ದರೆ ಪಟ್ಟೆಯ ಜತೆ ಅದೂ ಹೋಯಿತು. ಅದಕ್ಕೇ ಗ್ರಿಡ್ಡನ್ನು (ಅಳತೆಗೆ ಗೂಟ ಹೊಡೆದು ಗುರುತಿಸುವ ಚೌಕಗಳನ್ನು) ದೇಗುಲಕ್ಕೆ 30 ಡಿಗ್ರಿ ಓರೆಯಾಗಿ ಹಾಕುತ್ತೇನೆ. 20 ಮೀಟರ್ ಚೌಕ, ಅರ್ಧ ಮೀಟರಿಗೊಂದು ಸಾಲು, ಮೀಟರಿಗೆ 8 ರೀಡಿಂಗ್: ಚೌಕಕ್ಕೆ 6,400. ಗೂಟ ಮರದ್ದೇ ಇರಲಿ. ಬೆಲ್ಟಿನ ಬಕಲ್, ಶೂ ದಾರದ ಲೋಹದ ಕಣ್ಣು ಕೂಡ ನಕ್ಷೆಯಲ್ಲಿ ಗೆರೆ ಎಳೆಯುತ್ತವೆ. ಉಪಕರಣವನ್ನು 20 ನಿಮಿಷ ಹೊರಗಿಟ್ಟು ಸೊನ್ನೆ ಮಾಡಿ. ಬಿಸಿಲೇರಿದಂತೆ ಆ ಸೊನ್ನೆ ಜಾರುತ್ತದೆ, ಎರಡು ಮೂರು ಚೌಕಕ್ಕೊಮ್ಮೆ ಮತ್ತೆ ಹೊಂದಿಸಿ.

ಕೈತಪ್ಪಿದ ಗೋಡೆಗಳಿಗೆ ರೆಸಿಸ್ಟೆನ್ಸ್ ಮೀಟರೇ ಗತಿ: ನೆಲಕ್ಕೆ ಕಡ್ಡಿ ಚುಚ್ಚಿ, ಅದು ವಿದ್ಯುತ್ತಿಗೆ ಒಡ್ಡುವ ತಡೆ ಅಳೆಯುವ ಉಪಕರಣ. ಅದಕ್ಕೆ ಕಾಂತದಿಕ್ಕಿನ ಹಂಗಿಲ್ಲ. ಕೈಯಲ್ಲಿ ಹಿಡಿದು ಸಾಗುವ ಚೌಕಟ್ಟಿನ ಎರಡು ಕಡ್ಡಿಗಳ ನಡುವೆ ಅರ್ಧ ಮೀಟರ್. ಒಂದೆಡೆ ನೆಟ್ಟ ದೂರದ ಜೋಡಿ ಕಡ್ಡಿ ಅದರ 30 ಪಟ್ಟು, ಅಂದರೆ ಗ್ರಿಡ್ಡಿನಿಂದ ಕನಿಷ್ಠ 15 ಮೀಟರ್ ಆಚೆ. ಕೇಬಲ್ ಸಾಲದೆ ಆ ಜೋಡಿಯನ್ನು ಸರಿಸಬೇಕಾದರೆ, ಮೊದಲು ಒಂದು ಬಿಂದುವಿನ ರೀಡಿಂಗ್ ಬರೆದುಕೊಳ್ಳಿ. ಸರಿಸಿದ ಮೇಲೆ ಅದೇ ಬಿಂದುವಿನಲ್ಲಿ ಅದೇ ಸಂಖ್ಯೆ ಬರುವವರೆಗೆ ದೂರದ ಕಡ್ಡಿಗಳ ಅಂತರ ಹಿಗ್ಗಿಸಿ, ಕುಗ್ಗಿಸಿ. ಇದನ್ನು ಬಿಟ್ಟರೆ ಚೌಕದ ಅಂಚಿನಲ್ಲಿ ಇಲ್ಲದ ಗೋಡೆ ಮೂಡುತ್ತದೆ. ಏಪ್ರಿಲ್‌ನಲ್ಲಿ ಒಣನೆಲ ಕಡ್ಡಿಗೆ ಸಂಪರ್ಕವನ್ನೇ ಕೊಡದು. ಜೋರು ಮಳೆಯಲ್ಲಿ ಗೋಡೆ, ಮಣ್ಣು ಎರಡೂ ನೆಂದು ವ್ಯತ್ಯಾಸ ಕರಗುತ್ತದೆ. ನವೆಂಬರ್, ಡಿಸೆಂಬರ್ ಹದವಾದ ಕಾಲ. ಪಕ್ಕದ ಬಾಳೆತೋಟಕ್ಕೆ ನೀರು ಬಿಟ್ಟ ದಿನ ಆ ಬದಿಯ ಚೌಕ ಮುಟ್ಟಬೇಡಿ.

ಆಳ ತಿಳಿಯಲು 400 ಮೆಗಾಹರ್ಟ್ಸ್ ಜಿಪಿಆರ್, ಅಂದರೆ ನೆಲದೊಳಕ್ಕೆ ರೇಡಿಯೊ ಅಲೆ ಕಳಿಸಿ ಮರಳುವ ಪ್ರತಿಧ್ವನಿ ಹಿಡಿಯುವ ರಾಡಾರ್. ಅಲೆ ಹೋಗಿಬರಲು ಒಣ ಗರಸಿನಲ್ಲಿ 20 ನ್ಯಾನೊಸೆಕೆಂಡ್ ಹಿಡಿದರೆ ಆಳ ಸುಮಾರು 1 ಮೀಟರ್. ನೆಂದ ಜೇಡಿಯಲ್ಲಿ ಅಷ್ಟೇ ಹೊತ್ತಿಗೆ ಸುಮಾರು 60 ಸೆಂಟಿಮೀಟರ್. ಒಂದು ಸಾಲಿನ ರಾಡಾರ್ ಚಿತ್ರದಲ್ಲಿ ಕಂಡ ಕಮಾನನ್ನು ಗೋಡೆ ಎನ್ನಬೇಡಿ, ಗುಂಡುಬಂಡೆಯೂ ಅದೇ ಕಮಾನು ಕೊಡುತ್ತದೆ. ಪಕ್ಕದ ನಾಲ್ಕೈದು ಸಾಲುಗಳಲ್ಲೂ ನೇರಕ್ಕೆ ಬಂದರೆ ಮಾತ್ರ ನಕ್ಷೆಯಲ್ಲಿ ಗೆರೆ ಎಳೆಯುತ್ತೇನೆ.