ಚಕ್ರದ ನಟ್ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಹೇಗೆ?

ಪಂಕ್ಚರ್ ಆದ ಕಾರಿನ ಪಕ್ಕದಲ್ಲಿ ಸ್ಪ್ಯಾನರ್ ಮೇಲೆ ಹತ್ತಿ ಕುಣಿಯುವವರನ್ನು ನೀವೂ ನೋಡಿರುತ್ತೀರಿ. ನಟ್ ಅಲ್ಲಾಡುವುದಿಲ್ಲ. ಕೊನೆಗೆ ಅದರ ಮೂಲೆಗಳು ಸವೆದು ಗುಂಡಗಾಗುತ್ತವೆ, ಇಲ್ಲವೇ ಸ್ಟಡ್, ಅಂದರೆ ನಟ್ ತಿರುಗಿ ಕೂರುವ ಬೋಲ್ಟಿನಂಥ ಕಡ್ಡಿ, ಮುರಿಯುತ್ತದೆ. ನನ್ನ ಕಾರಿನಲ್ಲೂ ಒಮ್ಮೆ ಹೀಗೆ ಒಂದು ಸ್ಟಡ್ ಮುರಿಯಿತು. ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಥ್ರೆಡ್ಡಿನ, ಅಂದರೆ ಅದರ ಮೈಮೇಲಿನ ಸುರುಳಿ ಗೆರೆಗಳ, ಸಂದುಗಳಲ್ಲಿ ಕಂದು ಪುಡಿ ಗಟ್ಟಿಯಾಗಿ ತುಂಬಿತ್ತು. ಒಂದು ಕಡೆ ಮಾತ್ರ ಕಬ್ಬಿಣ ಹರಿದು ಬೆಳ್ಳಗೆ ಹೊಳೆಯುತ್ತಿತ್ತು. ತುಕ್ಕು ಮಳೆಯಿಂದ ಬಂದದ್ದು. ಹರಿದದ್ದು ಮಾತ್ರ ಹಿಂದಿನ ಸಲ ಟೈರ್ ಹಾಕಿದವರು ಸೊಟ್ಟಗೆ ಕೂತ ನಟ್ಟನ್ನು ಏರ್ ಗನ್ನಿನಿಂದ (ಗಾಳಿಯ ಒತ್ತಡದಲ್ಲಿ ನಟ್ ತಿರುಗಿಸುವ ಯಂತ್ರ) ಬಲವಂತವಾಗಿ ಒಳಗೆ ನುಗ್ಗಿಸಿದ್ದರಿಂದ. ನಟ್ ಹಾಳಾಗುವುದು ಹೆಚ್ಚಾಗಿ ಬಿಚ್ಚುವ ದಿನ ಅಲ್ಲ, ಹಾಕುವ ದಿನ. ಅದಕ್ಕೇ ಈ ಲೇಖನದಲ್ಲಿ ಹಾಕುವುದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಬಿಚ್ಚುವುದು ಸುಲಭ. ಕಾರು ಸಮನೆಲದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಚಕ್ರ ನೆಲದ ಮೇಲಿರುವಾಗಲೇ ಎಲ್ಲ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜ್ಯಾಕ್ ಹಾಕಿ.

ಚಕ್ರ ಕಳಚಿದ ಮೇಲೆ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಬರುತ್ತದೆ: ಸ್ವಚ್ಛ ಮಾಡುವುದು. ಪ್ರತಿ ಸ್ಟಡ್ಡನ್ನೂ ತಂತಿ ಬ್ರಷ್‌ನಿಂದ ಥ್ರೆಡ್ ಹೋದ ದಿಕ್ಕಿನಲ್ಲೇ ತಿರುಗಿಸುತ್ತಾ ಉಜ್ಜಿ. ನಟ್ಟಿನ ಒಳಗೆ ಹಳೇ ಟೂತ್‌ಬ್ರಷ್ ಸಾಕು. ಮಣ್ಣಿನ ಒಂದು ಕಣ ಉಳಿದರೂ ಅದು ಥ್ರೆಡ್ಡಿನ ನಡುವೆ ಸಿಕ್ಕಿ ಕಬ್ಬಿಣವನ್ನು ಗೀರುತ್ತದೆ. ಚಕ್ರದಲ್ಲಿ ನಟ್ಟಿನ ಇಳಿಜಾರು ಅಂಚು ಬಂದು ಕೂರುವ ಗುಳಿಯನ್ನೂ ಒರೆಸಿ. ನಟ್ಟನ್ನು ಬೆರಳಲ್ಲೇ ಕೊನೆಯವರೆಗೂ ತಿರುಗಿಸಿ ನೋಡಿ. ನಡುವೆ ಎಲ್ಲಾದರೂ ನಿಂತರೆ ಆ ನಟ್ಟೋ ಸ್ಟಡ್ಡೋ ಕೆಟ್ಟಿದೆ, ಬದಲಿಸಿ. ನಟ್ಟನ್ನು ಮಾತ್ರ ಬದಲಿಸುವುದಾದರೆ ಅಳತೆಯ ಜೊತೆಗೆ ಅಂಚಿನ ಆಕಾರವೂ ಹೊಂದಬೇಕು. ಇಳಿಜಾರು ಅಂಚಿನ ಜಾಗಕ್ಕೆ ಗುಂಡು ಅಂಚಿನ ನಟ್ ಸರಿಯಾಗಿ ಕೂರುವುದಿಲ್ಲ.

ನಟ್ ಕೊಳ್ಳುವಾಗ ಇನ್ನೊಂದು ವಿಷಯ ಗಮನಿಸಿ. ಹೊಳೆಯುವ ತೆಳು ತಗಡನ್ನು ಮೇಲೆ ತೊಡಿಸಿದ ಎರಡು ಪದರದ ನಟ್ ಬೇಡವೇ ಬೇಡ. ತಗಡಿನ ಒಳಗೆ ನೀರು ಇಳಿದು ತುಕ್ಕು ಹಿಡಿಯುತ್ತದೆ, ನಟ್ ಊದಿಕೊಳ್ಳುತ್ತದೆ. ಒಂದು ದಿನ ನಿಮ್ಮ ಸ್ಪ್ಯಾನರ್ ಅದರ ಮೇಲೆ ಕೂರುವುದೇ ಇಲ್ಲ. ಒಂದೇ ಗಟ್ಟಿಯಿಂದ ಮಾಡಿದ ನಟ್ಟನ್ನೇ ಕೇಳಿ ತೆಗೆದುಕೊಳ್ಳಿ.

ಈಗ ಎಲ್ಲರೂ ಜಗಳವಾಡುವ ಪ್ರಶ್ನೆ: ಸ್ಟಡ್ಡಿಗೆ ಗ್ರೀಸ್ ಹಚ್ಚಬೇಕಾ? ಕಾರಿನ ಕೈಪಿಡಿ ಹಚ್ಚಿ ಎಂದು ಹೇಳದಿದ್ದರೆ ಹಚ್ಚಬೇಡಿ. ಕಾರಣ ಇದೆ. ನಾವು ನಟ್ ಬಿಗಿಯಲು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬರೀ ಉಜ್ಜಾಟಕ್ಕೇ ಹೋಗುತ್ತದೆ. ಉಳಿದ ಒಂದು ಪಾಲು ಸ್ಟಡ್ಡನ್ನು ಎಳೆದು ಚಕ್ರವನ್ನು ಹಿಡಿದಿಡುತ್ತದೆ. ಗ್ರೀಸ್ ಹಾಕಿದರೆ ಉಜ್ಜಾಟ ಕಡಿಮೆಯಾಗಿ, ಅದೇ ಬಲಕ್ಕೆ ಸ್ಟಡ್ಡಿನ ಮೇಲೆ ತುಂಬಾ ಜಾಸ್ತಿ ಎಳೆತ ಬೀಳುತ್ತದೆ. ಕೈಪಿಡಿಯಲ್ಲಿ ಕೊಟ್ಟ ಲೆಕ್ಕ ಸಾಮಾನ್ಯವಾಗಿ ಒಣ ಥ್ರೆಡ್ಡಿಗೆ. ನಟ್ಟಿನ ಅಂಚು ಕೂರುವ ಜಾಗಕ್ಕಂತೂ ಎಣ್ಣೆ, ಗ್ರೀಸ್ ಏನೂ ಸೋಕಬಾರದು. ನಿಮಗೆ ಏನಾದರೂ ಹಚ್ಚಲೇಬೇಕು ಅನ್ನಿಸಿದರೆ, ಹಬ್ಬಿನ (ಚಕ್ರ ಬಂದು ಕೂರುವ ಭಾಗ) ನಡುವಿನ ಉಬ್ಬು ಬಳೆಗೆ ಆಂಟಿ ಸೀಜ್ ಪೇಸ್ಟನ್ನು (ಲೋಹ ಅಂಟಿಕೊಳ್ಳದಂತೆ ಹಚ್ಚುವ ಪೇಸ್ಟ್) ತೆಳ್ಳಗೆ ಸವರಿ. ಅಲಾಯ್ ಚಕ್ರ ಹಬ್ಬಿಗೆ ಅಂಟಿಕೊಳ್ಳುವುದು ಅಲ್ಲೇ. ಬ್ರೇಕ್ ಡಿಸ್ಕಿಗೆ ಮಾತ್ರ ತಾಗಿಸಬೇಡಿ.

ಇನ್ನು ನಟ್ ಹಾಕುವುದು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಚಕ್ರವನ್ನು ಹಬ್ಬಿಗೆ ಪೂರ್ತಿ ಒತ್ತಿ ಹಿಡಿಯಿರಿ. ನಟ್ಟನ್ನು ಸ್ಟಡ್ಡಿನ ಮೇಲಿಟ್ಟು ಮೊದಲು ಹಿಂದಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಅದು ಟಕ್ಕನೆ ಸ್ವಲ್ಪ ಒಳಗೆ ಬೀಳುತ್ತದೆ. ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಥ್ರೆಡ್ಡಿನ ಬಾಯಿ ಥ್ರೆಡ್ಡಿಗೆ ಸಿಕ್ಕಿದ ಗುರುತು ಅದು. ಅಲ್ಲಿಂದ ಮುಂದಕ್ಕೆ ಬೆರಳಲ್ಲೇ ಕಡಿಮೆ ಅಂದರೂ ಮೂರು ನಾಲ್ಕು ಸುತ್ತು ಹಾಕಿ. ಬೆರಳಿಗೆ ತಿರುಗದ ನಟ್ಟಿಗೆ ಸ್ಪ್ಯಾನರ್ ಹಾಕಲೇಬೇಡಿ. ಅದು ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಟೈರ್ ಅಂಗಡಿಗೆ ಹೋದರೂ ಪಕ್ಕದಲ್ಲೇ ನಿಂತು "ಮೊದಲು ಕೈಯಲ್ಲಿ ಹಾಕಿ" ಅಂತ ಹೇಳಿ. ಹೇಳಲು ಸಂಕೋಚ ಬೇಡ, ಕಾರು ನಿಮ್ಮದು ಅಲ್ವಾ.

ಎಲ್ಲವೂ ಕೂತ ಮೇಲೆ ಚಿಕ್ಕ ಸ್ಪ್ಯಾನರಿನಿಂದ ಹದವಾಗಿ ಬಿಗಿ ಮಾಡಿ, ಒಂದಾದ ಮೇಲೆ ಅದರ ಎದುರಿನದು, ನಕ್ಷತ್ರ ಬಿಡಿಸಿದ ಹಾಗೆ. ಕಾರು ಇಳಿಸಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಿಂದಲೇ (ತಿರುಗಿಸುವ ಬಲವನ್ನು, ಅಂದರೆ ಟಾರ್ಕನ್ನು, ಅಳೆಯುವ ಸ್ಪ್ಯಾನರ್) ಆಗಲಿ, ಅದೂ ಅದೇ ನಕ್ಷತ್ರದ ಕ್ರಮದಲ್ಲಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ನಿಮ್ಮ ಕಾರಿನ ನಿಜವಾದ ಲೆಕ್ಕ ಕೈಪಿಡಿಯಲ್ಲಿ ನೋಡಿ. ಇದು ಎಷ್ಟು ಬಲ ಅಂತೀರಾ? ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ ಸುಮಾರು 20 ಕೆಜಿ ತೂಕದಷ್ಟು ಎಳೆತ, ಅಷ್ಟೇ. 70 ಕೆಜಿಯ ಮನುಷ್ಯ 30 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಸುಮ್ನೆ ನಿಂತರೂ 200 ನ್ಯೂಟನ್ ಮೀಟರ್ ದಾಟುತ್ತದೆ. ಹಾಗೆ ಎಳೆದ ಸ್ಟಡ್ ಹಿಗ್ಗುತ್ತದೆ. ಹಿಗ್ಗಿದ ಥ್ರೆಡ್ಡಿಗೆ ಮುಂದಿನ ಸಲ ನಟ್ ಕಚ್ಚಿಕೊಳ್ಳದೆ ಇರುತ್ತದೆಯೇ? ರೆಂಚ್ ಒಮ್ಮೆ ಕಟ್ ಅಂತ ಸದ್ದು ಮಾಡಿದರೆ ನಿಲ್ಲಿಸಿ. "ಇನ್ನೊಂದು ಸ್ವಲ್ಪ" ಬೇಡ. ಆ ರೆಂಚಿನಿಂದ ನಟ್ ಬಿಚ್ಚುವುದೂ ಬೇಡ, ಅಳತೆ ತಪ್ಪುತ್ತದೆ.

50ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಿ. ಆಮೇಲೆ ಪ್ರತಿ 10,000 ಕಿ.ಮೀ.ಗೆ ಟೈರ್ ಜಾಗ ಬದಲಿಸುವಾಗ ಇದೇ ಕೆಲಸ ಮತ್ತೆ ಮಾಡಿ. ವರ್ಷಗಟ್ಟಲೆ ಬಿಚ್ಚದ ನಟ್ಟೇ ಬೇಗ ಕಚ್ಚುವುದು.

ಈಗಾಗಲೇ ಕಚ್ಚಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡಿ. ಆರು ಮೂಲೆಯ ಸಾಕೆಟ್ ಮತ್ತು ಉದ್ದ ಹಿಡಿಕೆ ಬಳಸಿ. ಹನ್ನೆರಡು ಮೂಲೆಯದು ನಟ್ಟಿನ ಅಂಚನ್ನು ತಿನ್ನುತ್ತದೆ. ಬೆಂಕಿಯಿಂದ ಕಾಯಿಸುವುದು ಬೇಡ, ಪಕ್ಕದಲ್ಲೇ ಟೈರ್ ಮತ್ತು ಬೇರಿಂಗ್ ಇವೆ. ಬಿಚ್ಚಿದ ಮೇಲೆ ಆ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೆಗೆದೇ ನಟ್ ಮತ್ತೆ ಹಾಕಿ. ಕಳ್ಳರು ಬಿಚ್ಚದಂತೆ ಹಾಕುವ ಲಾಕ್ ನಟ್ ಇದ್ದರೆ ಅದರ ಮೇಲೆ ಏರ್ ಗನ್ ಇಡಲು ಬಿಡಬೇಡಿ. ಅದರ ಕೀ (ಆ ನಟ್ಟಿಗೇ ಹೊಂದುವ ಸಾಕೆಟ್) ಮುರಿದರೆ ಚಕ್ರ ಬಿಚ್ಚುವುದು ದೊಡ್ಡ ಪಾಡು. ಕೀಯನ್ನು ಸ್ಟೆಪ್ನಿಯ ಜೊತೆಗೇ ಇಡಿ.