ಅಮ್ಮನ ಎಡೆಗೆ ಏನಿಡೋದು? ಪಕ್ಷದ ಹಬ್ಬ ಮಾಡೋರಿಗೆ ಒಂದಷ್ಟು ವಿಷ್ಯ

ಪಿತೃಪಕ್ಷ ಹತ್ರ ಬಂದಾಗ ಅಪ್ಪನಿಗೋ ತಾತನಿಗೋ ಎಡೆ ಇಡ್ಬೇಕು ಅಂದ್ರೆ ಲಿಸ್ಟು ಐದು ನಿಮಿಷಕ್ಕೆ ರೆಡಿ. ಮಟನ್ ಸಾರು, ಬೋಟಿ ಗೊಜ್ಜು, ಒಂದ್ ಕ್ವಾರ್ಟರ್, ಬೀಡಿ ಕಟ್ಟು, ಎಲೆ ಅಡಿಕೆ, ಯಾರನ್ನ ಕೇಳಿದ್ರೂ ಹೇಳ್ತಾರೆ. ಅದೇ ಅಮ್ಮನಿಗೆ ಅಂದ ತಕ್ಷಣ ಎಲ್ರೂ ಮುಖ ಮುಖ ನೋಡ್ಕೋತಾರೆ. ಅಮ್ಮ ಏನ್ ಚೆನ್ನಾಗಿ ಮಾಡ್ತಿದ್ರು ಅಂತ ಕೇಳಿ ನೋಡಿ, ಉದ್ದ ಪಟ್ಟಿ ಬರುತ್ತೆ. ಏನ್ ಇಷ್ಟಪಟ್ಟು ತಿಂತಿದ್ರು ಅಂತ ಕೇಳಿ, "ಅವ್ರಾ, ಎಲ್ಲಾ ತಿಂತಿದ್ರಪ್ಪ" ಅಂತಾರೆ. ಮನೆಮಂದಿಗೆಲ್ಲ ಬಡಿಸಿ ಕೊನೇಲಿ ತಳದಲ್ಲಿ ಉಳಿದಿದ್ದನ್ನ ಉಂಡೋರಿಗೆ ಏನಿಷ್ಟ ಅಂತ ಗಮನಿಸಿದೋರ್ ಯಾರು ಹೇಳಿ. ಎಡೆ ಅಂದ್ರೇನೇ ಹೋದವ್ರಿಗೆ ಇಷ್ಟವಾದ್ದನ್ನ ಇಡೋದು, ಹಂಗಾಗಿ ಒಲೆ ಹಚ್ಚೋಕ್ ಮುಂಚೆ ಮಾಡೋ ಕೆಲ್ಸ ವಿಚಾರಿಸೋದು.

ನಾನ್ ಹೇಳ್ತಿರೋದು ಹಳೇ ಮೈಸೂರು ಕಡೆ, ಮಂಡ್ಯ, ರಾಮನಗರ, ಹಾಸನ, ತುಮಕೂರು ಕಡೆ ಮನೆಗಳಲ್ಲಿ ಮಾಡೋ ಹಿರಿಯರ ಹಬ್ಬದ್ದು, ಕೆಲವ್ರು ಪಕ್ಷ ಅಂತಾರೆ, ಕೆಲವು ಕಡೆ ಮಾರ್ಲಮಿ ಅಂತಾರೆ. ಪುರೋಹಿತ್ರನ್ನ ಕರೆಸಿ ತಿಥಿ ನೋಡಿ ಶ್ರಾದ್ಧ ಮಾಡೋ ಮನೆಗಳದ್ದು ಬೇರೆ ಲೆಕ್ಕ, ಅಲ್ಲಿ ಅಡುಗೆಗೂ ಬೇರೆ ನಿಯಮ ಇದೆ, ಅದಕ್ಕೆ ನಾನ್ ಕೈ ಹಾಕಲ್ಲ.

ಮೊದ್ಲು ದಿನ ಗೊತ್ತು ಮಾಡ್ಕೊಳ್ಳಿ, ಅಡುಗೆಗಿಂತ ಜಾಸ್ತಿ ಜಗಳ ಆಗೋದು ಇಲ್ಲೇ. ಭಾದ್ರಪದ ಮಾಸದ ಹುಣ್ಣಿಮೆ ಆದ್ಮೇಲೆ ಹದಿನೈದು ದಿನ ಪಕ್ಷ, ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತೆ, ಮಾರನೇ ದಿನದಿಂದ ನವರಾತ್ರಿ. ಅಮಾವಾಸ್ಯೆ ದಿನ ಸರ್ಕಾರಿ ರಜೆ ಇರೋದ್ರಿಂದ ಎಲ್ರೂ ಅವತ್ತೇ ಅಂತಾರೆ, ಆದ್ರೆ ಅಮ್ಮನ ವಿಷ್ಯದಲ್ಲಿ ಹೆಣ್ಮಕ್ಕಳು ಬರ್ಲೇಬೇಕಲ್ವಾ, ಅವ್ರಿಗೆ ಅದೇ ದಿನ ಗಂಡನ ಮನೇಲಿ ಅತ್ತೆ ಮಾವಂದಿರ ಎಡೆ ಇರುತ್ತೆ. ಅಕ್ಕ ತಂಗೀರಿಲ್ದೆ ಅಮ್ಮನ ಹಬ್ಬ ಮಾಡೋದು ನನ್ ಪ್ರಕಾರ ಮಾಡ್ದಂಗೇ ಅಲ್ಲ. ಅದಕ್ಕೇ ಪಕ್ಷದೊಳಗಿನ ಒಂದ್ ಭಾನುವಾರ ಹಿಡ್ಕೊಳ್ಳಿ, ನಿಮ್ಮೂರಲ್ಲಿ ಒಪ್ತಾರಾ ಅಂತ ಒಂದ್ಸಲ ಹಿರಿಯರನ್ನ ಕೇಳ್ಕೊಂಡು. ಅಪ್ಪ ಇರುವಾಗ್ಲೇ ಮುತ್ತೈದೆಯಾಗಿ ಅಮ್ಮ ಹೋಗಿದ್ರೆ ಪಕ್ಷದ ಒಂಬತ್ತನೇ ದಿನ ಬರೋ ಅವಿಧವಾ ನವಮಿಗೆ ಮಾಡೋ ಪದ್ಧತಿನೂ ಇದೆ. ಹೋಗಿ ಇನ್ನೂ ವರ್ಷ ತುಂಬಿಲ್ಲ ಅಂದ್ರೆ ಕೆಲವು ಮನೇಲಿ ಎಡೆ ಇಡಲ್ಲ, ವರ್ಷದ ಕಾರ್ಯ ಆದ್ಮೇಲೇನೇ, ಇದನ್ನೂ ಕೇಳ್ಕೊಂಡ್ಬಿಡಿ, ಆಮೇಲೆ ದೊಡ್ಡಮ್ಮಂದಿರ ಕೈಲಿ ಮಾತು ಕೇಳೋದ್ ಬೇಡ.

ಬಾಡೂಟ ಮಾಡೋರು ವಾರನೂ ನೋಡ್ಬೇಕು. 2024ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೇ ಬಿತ್ತು, ಗಾಂಧಿ ಜಯಂತಿ ದಿನ ಬೆಂಗಳೂರಲ್ಲಿ ಮಾಂಸ ಮಾರೋಹಾಗಿಲ್ಲ, ಜನ ಹಿಂದಿನ ದಿನವೇ ತಂದು ಫ್ರಿಜ್‌ಗೆ ತುಂಬ್ಕೋಬೇಕು. 2025ರಲ್ಲಿ ಸೆಪ್ಟೆಂಬರ್ 21, ಭಾನುವಾರ, ಆರಾಮ. 2026ರಲ್ಲಿ ಅಕ್ಟೋಬರ್ 10, ಅದು ಶನಿವಾರ, ಶನಿವಾರ ಮಾಂಸ ಮುಟ್ಟದ ಮನೆಯವ್ರು ಈಗ್ಲೇ ಕೂತು ಮಾತಾಡ್ಕೊಳ್ಳಿ.

ಈಗ ವಿಚಾರಿಸೋ ಕೆಲ್ಸ. ಮಕ್ಕಳನ್ನ ಕೇಳಿದ್ರೆ ಪ್ರಯೋಜ್ನ ಇಲ್ಲ, ಮಕ್ಕಳು ತಿಂದೋರು. ಅಮ್ಮನ ಅಕ್ಕ ತಂಗೀರನ್ನ ಕೇಳಿ, ಸೋದರಮಾವನ್ನ ಕೇಳಿ, ಪಕ್ಕದ್ಮನೆ ಆಂಟಿನ ಕೇಳಿ, ಜೊತೇಲಿ ಸಂಘಕ್ಕೆ ಹೋಗ್ತಿದ್ದೋರನ್ನ ಕೇಳಿ. "ಅಮ್ಮಂಗೆ ಏನಿಷ್ಟ" ಅಂತ ನೇರವಾಗಿ ಕೇಳಿದ್ರೆ ಅದೇ ಎಲ್ಲಾ ತಿಂತಿದ್ರು ಉತ್ರ ಬರುತ್ತೆ, ಬದ್ಲು ತವರಿಗೆ ಬಂದಾಗ ಅಜ್ಜಿ ಏನ್ ಮಾಡಿಕೊಡ್ತಿದ್ರು, ಬಸ್ರೀಲಿ ಏನ್ ಬಯಸಿದ್ರು, ಸಂತೇಲಿ ಏನ್ ಕೊಂಡು ತಿಂತಿದ್ರು ಅಂತ ಕೇಳಿ. ನಮ್ ಚಿಕ್ಕಮ್ಮ ಹಿಂಗೇ ಮಾತಾಡ್ತಾ ಮಾತಾಡ್ತಾ "ನಿಮ್ಮಮ್ಮಂಗೆ ಹೋಟ್ಲು ಮಸಾಲೆ ದೋಸೆ ಅಂದ್ರೆ ಪ್ರಾಣ ಕಣ್ರೋ, ಟೌನಿಗೆ ಹೋದಾಗ ನಾವಿಬ್ರೇ ಕದ್ದು ತಿಂದ್ಕೊಂಡ್ ಬರ್ತಿದ್ವಿ, ಇನ್ನೊಬ್ರು ಮಾಡಿದ್ದು ಬಿಸಿಬಿಸಿ ಕೂತ್ಕೊಂಡ್ ತಿನ್ನೋ ಸುಖ ಇನ್ನೆಲ್ಲಿ ಅಂತಿದ್ಲು" ಅಂದ್ರು. ಮನೇಲಿ ಅಷ್ಟೊಂದು ದೋಸೆ ಹುಯ್ದು ಹುಯ್ದು ಹಾಕ್ತಿದ್ದೋರು. ಈಗ ನಮ್ಮನೆ ಎಡೇಲಿ ಅಷ್ಟೂ ಅಡುಗೆ ಜೊತೆ ಹೋಟ್ಲಿಂದ ತಂದ ಮಸಾಲೆ ದೋಸೆ ಒಂದು ಇರುತ್ತೆ, ನೋಡಿ ನಗೋರು ನಗ್ಲಿ.

ಮೆನು ಬರೀವಾಗ ಎರಡು ಭಾಗ ಮಾಡ್ಕೊಳ್ಳಿ. ಎಡೆಗೆ ಅಮ್ಮನಿಗೆ ಇಷ್ಟವಾದ್ದು ಮೊದ್ಲು, ಪ್ರಮಾಣ ಕಮ್ಮಿ ಸಾಕು. ಊಟಕ್ಕೆ ಅಮ್ಮ ಮಾಡ್ತಿದ್ದದ್ದು, ಇದು ಬಂದೋರಿಗೆಲ್ಲ ಸಾಕಾಗ್ಬೇಕು. ಎಲ್ಲಾ ಒಂದೇ ದಿನ ಮಾಡ್ತೀನಿ ಅಂತ ಹೋಗ್ಬೇಡಿ, ಮುದ್ದೆ, ಮಟನ್ ಸಾರು, ಅನ್ನ, ವಡೆ, ಪಾಯಸ, ಜೊತೆಗೆ ಕಜ್ಜಾಯ, ಇಷ್ಟಾದ್ರೆ ಧಾರಾಳ. ಚಕ್ಲಿ ಕೋಡುಬಳೆ ಅಂಗಡೀಲಿ ತನ್ನಿ, ಅಮ್ಮ ಏನೂ ಅನ್ಕೊಳಲ್ಲ.

ಅಳತೆ ಹಿಡಿಯೋದು ದೊಡ್ಡ ತಲೆನೋವು. ದೇಶದಲ್ಲಿ ಕೆಜಿ ಲೀಟರ್ ಕಡ್ಡಾಯ ಆಗಿ 60 ವರ್ಷ ದಾಟಿದ್ರೂ ನಮ್ಮಮ್ಮಂದಿರ ಅಡುಗೆಮನೇಲಿ ಸೇರು ಪಾವು ಚಟಾಕೇ ಓಡ್ತಿತ್ತು, ನಾಕು ಪಾವಿಗೆ ಒಂದ್ ಸೇರು. ಒಂದೊಂದು ಮನೆ ಪಾವು ಒಂದೊಂದು ಥರ ಇರುತ್ತೆ, ಹಂಗಾಗಿ ಯೂಟ್ಯೂಬ್ ನೋಡಿ ಲೆಕ್ಕ ಹಾಕೋ ಬದ್ಲು ಅಮ್ಮ ಬಳಸ್ತಿದ್ದ ಪಾವು ಇದ್ರೆ ಅದ್ರಲ್ಲೇ ಅಕ್ಕಿ ತುಂಬಿ ತಕ್ಕಡೀಲಿ ತೂಗಿ, ಎಷ್ಟು ಗ್ರಾಮ್ ಅಂತ ಬರ್ದಿಟ್ಕೊಳ್ಳಿ, ಅಕ್ಕಿಗೆ ಒಂದು, ಬೇಳೆಗೆ ಒಂದು, ಖಾರದ ಪುಡಿಗೆ ಒಂದು. ಇನ್ನು ಚಿಕ್ಕಮ್ಮನೋ ದೊಡ್ಡಮ್ಮನೋ ಮಾಡಿ ತೋರಿಸ್ತಾರೆ ಅಂದ್ರೆ ಎಷ್ಟ್ ಹಾಕಿದ್ರಿ ಅಂತ ಮಾತ್ರ ಕೇಳ್ಬೇಡಿ, "ಕಣ್ಣಂದಾಜು" ಅಂತಾರೆ, ಎರಡ್ಸಲ ಕೇಳಿದ್ರೆ ಸಿಟ್ಟು ಮಾಡ್ಕೋತಾರೆ. ಸುಮ್ನೆ ಡಬ್ಬನೇ ಮೊದ್ಲು ತೂಗಿಟ್ಕೊಳ್ಳಿ, ಅವ್ರು ಹಾಕಿ ಮುಗಿಸಿದ್ಮೇಲೆ ಇನ್ನೊಂದ್ಸಲ ತೂಗಿ, ಕಳೆದ್ರೆ ಲೆಕ್ಕ ಸಿಕ್ತು. ಫೋನಲ್ಲಿ ವಿಡಿಯೋ ಮಾಡೋರು ಮುಖ ಹಿಡಿಯೋದು ಬಿಟ್ಟು ಕೈ ಮತ್ತೆ ಪಾತ್ರೆ ಒಳಗಡೆ ಹಿಡೀರಿ.

ಕಜ್ಜಾಯದ ವಿಷ್ಯಕ್ಕೆ ಬರೋಣ, ಹೆಚ್ಚಿನೋರು ಹೆದ್ರೋದು ಇದಕ್ಕೇ. ಒಂದ್ ಕೆಜಿ ಅಕ್ಕಿಗೆ ಮುಕ್ಕಾಲು ಕೆಜಿ ಬೆಲ್ಲ. ಅಕ್ಕಿ ದಪ್ಪಕ್ಕಿ ಆಗ್ಬೋದು, ಸೋನಾ ಮಸೂರಿ ಆಗ್ಬೋದು, ಕುಸುಬಲಕ್ಕಿ ಬೇಡ. ಹಿಂದಿನ ದಿನ ನೆನೆಹಾಕಿ, ಇಪ್ಪತ್ನಾಕು ಗಂಟೆ ನೆನೀಬೇಕು, ಮಧ್ಯ ಒಂದೆರಡ್ಸಲ ನೀರು ಬದಲಾಯಿಸಿ ಇಲ್ಲಾಂದ್ರೆ ವಾಸ್ನೆ ಬರುತ್ತೆ. ನೀರು ಬಸಿದು ಹತ್ತಿ ಪಂಚೆ ಮೇಲೆ ನೆರಳಲ್ಲಿ ಹರಡಿ, ಬಿಸಿಲಿಗೆ ಬೇಡ. ಅರ್ಧ ಗಂಟೆ ಒಳಗೆ ಕೈ ಹಾಕಿ ನೋಡ್ತಿರಿ, ಕೈಗೆ ನೀರು ಅಂಟಬಾರ್ದು ಆದ್ರೆ ಅಕ್ಕಿ ತಣ್ಣಗೆ ತೇವ ಇರ್ಬೇಕು, ಆಗ ಪುಡಿ ಮಾಡಿ. ಆ ತೇವನೇ ಕಜ್ಜಾಯದ ಜೀವ, ಅಂಗಡಿ ಪ್ಯಾಕೆಟ್ ಅಕ್ಕಿ ಹಿಟ್ಟಲ್ಲಿ ಮಾಡಿದ್ರೆ ಪಾಕ ಹಿಡಿಯಲ್ಲ, ಕಲ್ಲಾಗುತ್ತೆ. ಮಿಲ್ಲಿಗೆ ಹಾಕಿಸೋರು ನೆನೆದಕ್ಕಿ ಹಾಕ್ತೀರಾ ಅಂತ ಮುಂಚೆ ಕೇಳ್ಕೊಂಡು ಹೋಗಿ, ಎಲ್ರೂ ಹಾಕಲ್ಲ. ಮಿಕ್ಸಿಲಾದ್ರೆ ಸ್ವಲ್ಪ ಸ್ವಲ್ಪನೇ ಹಾಕಿ, ಜರಡಿ ಹಿಡಿದು, ಮೇಲುಳಿದ ತರಿ ಮತ್ತೆ ರುಬ್ಬಿ. ಹಿಟ್ಟು ಒಣಗದಂಗೆ ಒದ್ದೆ ಬಟ್ಟೆ ಮುಚ್ಚಿಡಿ.

ಬೆಲ್ಲ ಒಂಚೂರು ಬಾಯಿಗೆ ಹಾಕ್ಕೊಂಡು ನೋಡಿ, ಉಪ್ಪುಪ್ಪು ಅನ್ಸಿದ್ರೆ ಅದು ಕಜ್ಜಾಯಕ್ಕಾಗಲ್ಲ. ದಪ್ಪ ತಳದ ಪಾತ್ರೇಲಿ ಒಂದ್ ಲೋಟ ನೀರಾಕಿ ಕರಗಿಸಿ, ಶೋಧಿಸಿ, ಮತ್ತೆ ಒಲೆ ಮೇಲಿಡಿ. ಪಕ್ಕದಲ್ಲಿ ತಟ್ಟೇಲಿ ತಣ್ಣೀರು ಇರ್ಲಿ. ಪಾಕ ನೊರೆ ನೊರೆಯಾಗಿ ಉಕ್ಕೋಕೆ ಶುರುವಾದ್ಮೇಲೆ ಒಂದ್ ತೊಟ್ಟು ನೀರಿಗೆ ಬಿಡಿ, ಹರಡಿ ಕರಗೋದ್ರೆ ಆಗಿಲ್ಲ, ಬೆರಳಲ್ಲಿ ಒಟ್ಟು ಮಾಡಿದ್ರೆ ಮೆತ್ತಗಿನ ಉಂಡೆ ಆಗ್ಬೇಕು, ಎತ್ತಿದ್ರೆ ಕೈಲಿ ನಿಲ್ಬೇಕು. ಆ ಉಂಡೆ ತಟ್ಟೆಗೆ ಹೊಡೆದಾಗ ಟಣ್ ಅಂದ್ರೆ ಪಾಕ ಮೀರೋಯ್ತು ಅಂತ. ಉಂಡೆ ಆದ ಕ್ಷಣ ಒಲೆ ಆಫ್ ಮಾಡಿ, ಆ ಹೊತ್ತಲ್ಲಿ ಫೋನ್ ಎತ್ಬೇಡಿ. ಏಲಕ್ಕಿ, ಗಸಗಸೆ, ಎಳ್ಳು, ತುರಿದ ಕೊಬ್ಬರಿ ಹಾಕಿ, ಒಬ್ರು ಹಿಟ್ಟು ಉದುರಿಸ್ತಾ ಹೋಗ್ಲಿ, ಇನ್ನೊಬ್ರು ತಿರುವ್ತಾ ಇರ್ಲಿ, ಒಬ್ರೇ ಮಾಡೋ ಕೆಲ್ಸ ಅಲ್ಲ ಇದು. ಒಂದ್ ಬಟ್ಟಲು ಹಿಟ್ಟು ಬೇರೆ ಎತ್ತಿಟ್ಟಿರಿ. ಸಡಿಲ ಆಯ್ತು ಅನ್ಸುತ್ತೆ, ಗಾಬ್ರಿ ಬೇಡ, ಮೇಲೆ ತುಪ್ಪ ಸವರಿ ಮುಚ್ಚಿಟ್ರೆ ಮಾರನೇ ದಿನಕ್ಕೆ ಗಟ್ಟಿ ಆಗುತ್ತೆ.

ಕರಿಯೋ ದಿನ ಮೊದ್ಲು ಒಂದೇ ಒಂದು ಹಾಕಿ ನೋಡಿ. ಬಾಳೆ ಎಲೆ ಮೇಲೆ ಎಣ್ಣೆ ಸವರಿ ತಟ್ಟಿ, ತೀರ ತೆಳ್ಳಗೆ ಬೇಡ, ಎಣ್ಣೆ ಹದವಾಗಿ ಕಾದಿರ್ಲಿ. ಎಣ್ಣೇಲಿ ಒಡೆದು ಪುಡಿಪುಡಿ ಆದ್ರೆ ಪಾಕ ಎಳೇದು, ಎತ್ತಿಟ್ಟಿದ್ದ ಹಿಟ್ಟು ಕಲಸಿ. ಗಟ್ಟಿ ಬಂದ್ರೆ ಪಾಕ ಬಲಿತಿದೆ, ಬೆಚ್ಚಗಿನ ಹಾಲು ಒಂದೊಂದೇ ಚಮಚ ಹಾಕಿ ನಾದಿ. ಎರಡೂ ಕಡೆ ಕೆಂಪಗಾದ್ಮೇಲೆ ತೆಗೆದು ಎರಡು ಜಾಲರಿ ಸೌಟಿನ ಮಧ್ಯ ಇಟ್ಟು ಒತ್ತಿ, ಎಣ್ಣೆ ಇಳಿಯುತ್ತೆ. ಈ ಒತ್ತೋ ಕೆಲ್ಸನ ಗಂಡಸ್ರಿಗೆ ಕೊಡಿ, ಹೊರಗಡೆ ಕುರ್ಚಿ ಹಾಕ್ಕೊಂಡು ಅಡುಗೆ ಆಯ್ತಾ ಅಂತ ಕೂಗೋದು ನಿಲ್ಲುತ್ತೆ. ಅಮ್ಮನ ನೆನಪಿಗೆ ಅಂತ ಹಬ್ಬ ಮಾಡಿ ಅತ್ತಿಗೆನ ಇಡೀ ದಿನ ಒಲೆ ಮುಂದೆ ನಿಲ್ಲಿಸಿದ್ರೆ ಇನ್ನೊಬ್ಬಮ್ಮನಿಗೆ ಅದೇ ಗತಿ ತಂದಂಗಾಯ್ತು ಅಷ್ಟೇ.

ಮಟನ್ ಸಾರಿನ ಬಗ್ಗೆ ಜಾಸ್ತಿ ಹೇಳಲ್ಲ, ಅವರವರ ಮನೆ ಮಸಾಲೆ ಅವರವರಿಗೆ. ಅಮ್ಮ ಮಾಡಿಟ್ಟಿದ್ದ ಖಾರದ ಪುಡಿ ಡಬ್ಬದಲ್ಲಿ ಇನ್ನೂ ಉಳಿದಿದ್ರೆ ಅದನ್ನ ಹುಳ ಬೀಳೋ ತನಕ ಕಾಪಾಡ್ಬೇಡಿ, ಈ ಸಾರಿಗೇ ಹಾಕಿ. ಉಪ್ಪಿನಕಾಯಿ ಜಾಡಿ ಆದ್ರೆ ಇನ್ನೂ ತಡೆಯುತ್ತೆ, ಸಣ್ಣ ಬಾಟ್ಲಿಗಳಿಗೆ ಹಾಕಿ ಅಣ್ಣ ತಮ್ಮ ಅಕ್ಕ ತಂಗೀರಿಗೆಲ್ಲ ಹಂಚ್ಬಿಡಿ, ಒಬ್ರ ಮನೇಲೇ ಇದ್ರೆ ಅದೂ ಒಂದ್ ಮನಸ್ತಾಪ.

ಎಡೆ ಇಡೋ ಜಾಗ ಸಾರಿಸಿ ಒರೆಸಿ, ಫೋಟೋ ಅಥವಾ ಕಳಸ ಇಟ್ಟು, ಪಕ್ಕದಲ್ಲಿ ಹೊಸ ಸೀರೆ, ರವಿಕೆ ಕಣ, ಹೂವು, ಮುತ್ತೈದೆಯಾಗಿ ಹೋದವ್ರಿಗೆ ಅರಿಶಿನ ಕುಂಕುಮ ಬಳೆ. ಬಾಳೆ ಎಲೆ ಮೇಲೆ ಎಲ್ಲಾ ಬಡಿಸಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮನೆಯವ್ರೆಲ್ಲ ಒಬ್ಬೊಬ್ರಾಗಿ ಧೂಪ ಹಾಕಿ ಕೈ ಮುಗಿದು, ಬಾಗ್ಲು ಮುಚ್ಕೊಂಡು ಸ್ವಲ್ಪ ಹೊತ್ತು ಎಲ್ರೂ ಆಚೆ ಕೂರೋದು ರೂಢಿ. ಈ ಹತ್ತು ಹದಿನೈದು ನಿಮಿಷನೇ ಮಾತಾಡೋಕೆ ಒಳ್ಳೇ ಟೈಮು, ಟಿವಿ ಹಾಕ್ಬೇಡಿ, ಚಿಕ್ಕಮ್ಮನ್ನ ಮಾತಿಗೆಳೀರಿ, ಮಕ್ಕಳು ಕೇಳಿಸ್ಕೊಳ್ಳಲಿ, ಅವರಜ್ಜಿ ಕದ್ದು ದೋಸೆ ತಿಂದ ಕಥೆ ಅವ್ರಿಗೂ ಗೊತ್ತಾಗ್ಲಿ. ಆಮೇಲೆ ಒಂದ್ ಎಲೇಲಿ ಸ್ವಲ್ಪ ಸ್ವಲ್ಪ ಎಲ್ಲಾ ಹಾಕಿ ತಾರಸಿ ಮೇಲೆ ಕಾಗೆಗಿಟ್ಟು ಊಟಕ್ಕೆ ಕೂರೋದು. ಫಾರಿನ್‌ನಲ್ಲಿರೋರು ಅಪಾರ್ಟ್‌ಮೆಂಟ್ ಒಳಗೆ ಸಾಂಬ್ರಾಣಿ ಹಚ್ಚಿದ್ರೆ ಸ್ಮೋಕ್ ಅಲಾರಾಂ ಹೊಡ್ಕೊಳುತ್ತೆ, ಒಂದ್ ಊದುಬತ್ತಿ ಹಚ್ಚಿ ಕಿಟಕಿ ತೆಗ್ದಿಡಿ, ಅಲ್ಲಿಂದಾನೇ ವಿಡಿಯೋ ಕಾಲ್‌ನಲ್ಲಿ ಕೈ ಮುಗೀಬೋದು.

ಎಡೆಗಿಟ್ಟ ಸೀರೆ ಯಾರಿಗೆ ಅನ್ನೋದನ್ನ ಮುಂಚೆನೇ ತೀರ್ಮಾನ ಮಾಡಿ. ಈ ವರ್ಷ ಅಕ್ಕನಿಗಾದ್ರೆ ಮುಂದಿನ ವರ್ಷ ಸೊಸೆಗೆ, ಹಿಂಗೆ ಸರದಿ ಹಾಕ್ಕೊಂಡ್ರೆ ತಕರಾರಿಲ್ಲ, ಸೀರೆ ತರುವಾಗ ಮಾತ್ರ ಅಮ್ಮ ಉಡ್ತಿದ್ದಂಥದ್ದೇ ತನ್ನಿ, ತಗೊಳ್ಳೋರಿಗೆ ಒಪ್ಪುತ್ತಾ ಅಂತ ನೋಡ್ಬೇಡಿ.

ಮಿಕ್ಕಿದ ಕಜ್ಜಾಯ ಪೂರ್ತಿ ಆರಿದ್ಮೇಲೆ ಸ್ಟೀಲ್ ಡಬ್ಬಿಗೆ ಹಾಕಿದ್ರೆ ಹತ್ತು ಹದಿನೈದು ದಿನ ಏನೂ ಆಗಲ್ಲ, ಬಿಸಿ ಇರುವಾಗ್ಲೇ ಮುಚ್ಚಿದ್ರೆ ಬೂಷ್ಟು ಬರುತ್ತೆ. ಬರೋಕಾಗದೆ ಇದ್ದೋರಿಗೆ ಕೊರಿಯರ್ ಮಾಡೋದಾದ್ರೆ ಎರಡೆರಡರ ಮಧ್ಯ ಬಟರ್ ಪೇಪರ್ ಇಟ್ಟು ಒತ್ತಾಗಿ ಜೋಡಿಸಿ, ಹೋಳಿಗೆ ಕಳ್ಸೋಕೆ ಹೋಗ್ಬೇಡಿ, ದಾರೀಲೇ ಹಳಸುತ್ತೆ.